ಫೋಟೋ ಕೆಳಗಿನ ಆ ಒಂದು ಸಾಲು

1/10
ಫೋಟೋದಲ್ಲಿ: ಶೆಟ್ಟಿಹಳ್ಳಿಯ ರೋಸರಿ ಚರ್ಚ್, ಹೇಮಾವತಿ ಹಿನ್ನೀರು, ಹಾಸನ ತಾಲ್ಲೂಕು.

ಈ ಚರ್ಚ್ ಫೋಟೋ ನೋಡದೇ ಇರೋರು ನಮ್ಮ ಜಿಲ್ಲೇಲಿ ಯಾರಾದ್ರೂ ಇದ್ದಾರಾ? ಮಳೆಗಾಲದಲ್ಲಿ ನೀರೊಳಗೆ ನಿಂತ ಕಮಾನು, ಬೇಸಿಗೇಲಿ ಬಿರುಕು ಬಿಟ್ಟ ಕೆಸರು, ಮುಂದುಗಡೆ ಪ್ರೀ-ವೆಡ್ಡಿಂಗ್ ಶೂಟ್‌ಗೆ ಬಂದ ಜೋಡಿ. ಕೆಳಗೆ ಏನು ಬರೆದಿರ್ತಾರೆ? 'ಮುಳುಗೋ ಚರ್ಚ್', ಒಂದು ಹಾರ್ಟ್, ಲೊಕೇಷನ್ ಟ್ಯಾಗ್. ಮುಗೀತು.

ಈಗ ಆ ಗೋಡೆ ಹಿಂದಿನ ಕತೆ ಕೇಳಿ. ಚರ್ಚ್ ಕಟ್ಟಿಸಿದ್ದು ಫ್ರೆಂಚ್ ಮಿಷನರಿಗಳು, 1860ರ ದಶಕದಲ್ಲಿ. ನೂರು ವರ್ಷ ಅಲ್ಲಿ ಮದುವೆ, ನಾಮಕರಣ, ಹಬ್ಬ, ಸಾವು ಎಲ್ಲವೂ ನಡೆದವು. ಆಮೇಲೆ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂತು, 1979ರಲ್ಲಿ ಕೆಲಸ ಮುಗೀತು. ನೀರು ಹಿಂದಕ್ಕೆ ಹಬ್ಬಿದಾಗ ಮುಳುಗಿದ್ದು ಚರ್ಚ್ ಒಂದೇ ಅಲ್ಲ. ಊರು ಹೋಯ್ತು, ಗದ್ದೆ ಹೋಯ್ತು, ಕಣ ಹೋಯ್ತು. ಅಲ್ಲಿದ್ದ ಜನ ಬೇರೆ ಕಡೆ ಹೋಗಿ ಮನೆ ಕಟ್ಟಿಕೊಂಡರು. ಇವತ್ತಿನ ಸಾವಿರಾರು ಫೋಟೋಗಳಲ್ಲಿ ಆ ಜನರ ಸುಳಿವೇ ಇಲ್ಲ.

ಚಿತ್ರ ಚೆನ್ನಾಗಿದೆ, ಸುದ್ದಿ ಕಾಣೆಯಾಗಿದೆ. ಈ ಸರಣಿ ಅದರ ಬಗ್ಗೆ.

ಸುದ್ದಿ ಛಾಯಾಗ್ರಾಹಕರು ಅಂದ್ರೆ ಯಾರು, ಅವರ ಕಸುಬು ಹೇಗೆ ಬೆಳೀತು, ನಮ್ಮ ಸಕಲೇಶಪುರ–ಆಲೂರು ಗುಡ್ಡಗಳ ಕಡೆಗೆ ಅದು ಹೇಗೆ ಬಂತು, ಈಗ ನಮ್ಮಂಥೋರು ಆ ದಾರಿ ಹಿಡೀಬಹುದಾ ಅಂತ ಹತ್ತು ಕಂತುಗಳಲ್ಲಿ ನೋಡೋಣ. ನಾನು ಹೇಳಬೇಕಂತಿರೋದು ಒಂದೇ ಮಾತು: ಈ ಕಸುಬಿನ ಅರ್ಧ ಕ್ಯಾಮೆರಾದಲ್ಲಿದೆ, ಇನ್ನರ್ಧ ಫೋಟೋ ಕೆಳಗಿನ ಸಾಲಿನಲ್ಲಿದೆ. ಯಾರು, ಎಲ್ಲಿ, ಯಾವಾಗ, ತೆಗೆದವರು ಯಾರು. ಈ ನಾಲ್ಕು ಇಲ್ಲದಿದ್ರೆ ಎಂಥ ಫೋಟೋನೂ ವಾಲ್‌ಪೇಪರ್ ಅಷ್ಟೇ.

2/10
ಫೋಟೋದಲ್ಲಿ: ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆ, ಬೇಲೂರು ತಾಲ್ಲೂಕು.

ಕ್ಯಾಮೆರಾ ನಮ್ಮ ಕಡೆ ಬಂದಿದ್ದು ಯಾವಾಗ? ನೀವು ಅಂದುಕೊಂಡಿರೋದಕ್ಕಿಂತ ಬಹಳ ಬೇಗ. 1854ರ ಡಿಸೆಂಬರ್‌ನಲ್ಲಿ ಲಿನೇಯಸ್ ಟ್ರೈಪ್ ಅನ್ನೋ ಮದ್ರಾಸ್ ಸೈನ್ಯದ ಅಧಿಕಾರಿ ನಮ್ಮ ಪಕ್ಕದ ತಾಲ್ಲೂಕಿಗೇ ಬಂದು ಹಳೇಬೀಡು, ಬೇಲೂರುಗಳನ್ನ ಸೆರೆಹಿಡಿದ. ಫಿಲ್ಮ್ ಅಲ್ಲ, ರಾಸಾಯನಿಕ ಹಚ್ಚಿದ ಕಾಗದವೇ ನೆಗೆಟಿವ್. ಮರುವರ್ಷ ಮದ್ರಾಸಿನ ವಸ್ತುಪ್ರದರ್ಶನದಲ್ಲಿ ಅವನು 68 ಫೋಟೋ ಇಟ್ಟ, ತೀರ್ಪುಗಾರರು ಮೆಚ್ಚಿದರು. 1859ರಲ್ಲಿ ಓಕ್ಲಿ ಅನ್ನೋ ಇನ್ನೊಬ್ಬ ಅಧಿಕಾರಿ ಹಳೇಬೀಡಿನ ದೇವಾಲಯದ ಮೇಲೇ 56 ಫೋಟೋಗಳ ಪುಸ್ತಕವನ್ನ ಲಂಡನ್ನಿನಲ್ಲಿ ತಂದ.

ಆ ಕಾಲದ ಚಿತ್ರಗಳಲ್ಲಿ ಒಂದು ವಿಚಿತ್ರ ಗಮನಿಸಿ: ಕಲ್ಲು ಸ್ಪಷ್ಟವಾಗಿದೆ, ಜನ ಕಾಣೋದೇ ಅಪರೂಪ. ಕಾರಣ ಸರಳ. ಕಾಗದದ ನೆಗೆಟಿವ್ ಮೇಲೆ ಚಿತ್ರ ಮೂಡೋಕೆ ನಿಮಿಷಗಟ್ಟಲೆ ಬೆಳಕು ಬೇಕಿತ್ತು. ಅಲ್ಲಾಡದೆ ನಿಂತ ಶಿಲಾಬಾಲಿಕೆ ಉಳಿದಳು, ಎದುರಿಗೆ ನಡೆದುಹೋದ ಹೆಂಗಸು ಅಳಿಸಿಹೋದಳು.

ಆಮೇಲೆ ತಂತ್ರ ಸುಧಾರಿಸಿತು, ಜನರೂ ಚಿತ್ರದೊಳಗೆ ಬಂದರು. ಆದ್ರೆ ಹೇಗೆ ಬಂದರು? 1868ರಿಂದ 1875ರವರೆಗೆ ಬ್ರಿಟಿಷ್ ಸರ್ಕಾರ 'ಭಾರತದ ಜನ' ಅನ್ನೋ ಅರ್ಥದ ಹೆಸರಿಟ್ಟು 8 ಸಂಪುಟ ಹೊರತಂದಿತು. ಅದರಲ್ಲಿ ಹೆಚ್ಚಿನವರಿಗೆ ಹೆಸರಿಲ್ಲ. ಜಾತಿಯ ಹೆಸರು, ಬುಡಕಟ್ಟಿನ ಹೆಸರು, ಮೈಕಟ್ಟು, ಸ್ವಭಾವ ಅಂತ ಬರೆದಿದ್ದಾರೆ. ಅಂದ್ರೆ ಕೆಳಗೆ ಸಾಲು ಇತ್ತು, ಆ ಸಾಲಲ್ಲಿ ಮನುಷ್ಯ ಇರಲಿಲ್ಲ.

ಇದನ್ನ ಯಾಕೆ ಹೇಳ್ದೆ ಅಂದ್ರೆ, ಇವತ್ತು ನಾವು ಕಾಫಿ ಕೊಯ್ಯೋ ಹೆಂಗಸಿನ ಮುಖ ತೆಗೆದು ಕೆಳಗೆ 'ಮಲೆನಾಡಿನ ಸೊಬಗು' ಅಂತ ಬರೆದರೆ ಅದೇ ಕೆಲಸ ಮಾಡಿದ ಹಾಗಾಯ್ತು. ಕ್ಯಾಮೆರಾ ಹೊಸದು, ಚಾಳಿ 150 ವರ್ಷ ಹಳೇದು.

3/10
ಫೋಟೋದಲ್ಲಿ: ಹಳೆಯ ಸತುವಿನ ಬ್ಲಾಕ್, ಮರದ ತುಂಡಿನ ಮೇಲೆ ಮೊಳೆ ಹೊಡೆದು ಕೂರಿಸಿದ್ದು.

ಫೋಟೋ ಇದ್ದರೂ ಪತ್ರಿಕೇಲಿ ಅಚ್ಚು ಹಾಕೋಕೆ ಬಹಳ ಕಾಲ ಆಗ್ತಿರಲಿಲ್ಲ. ಅಚ್ಚಿನ ಯಂತ್ರಕ್ಕೆ ಗೊತ್ತಿರೋದು ಎರಡೇ: ಮಸಿ ಇದೆ, ಮಸಿ ಇಲ್ಲ. ನಡುವಿನ ಬೂದು ಬಣ್ಣ ಎಲ್ಲಿಂದ ತರೋದು? 1880ರ ದಶಕದಲ್ಲಿ ಉತ್ತರ ಸಿಕ್ತು: ಚುಕ್ಕಿ. ಮೂಲ ಫೋಟೋವನ್ನ ಗೆರೆಗಳಿರೋ ಗಾಜಿನ ಮೂಲಕ ಮತ್ತೆ ಫೋಟೋ ತೆಗೆದರೆ ಚಿತ್ರ ಸಣ್ಣ–ದಪ್ಪ ಚುಕ್ಕಿಗಳಾಗಿ ಒಡೆಯುತ್ತೆ. ಅದನ್ನ ಸತುವಿನ ತಗಡಿನ ಮೇಲೆ ಇಳಿಸಿ, ಆಸಿಡ್‌ನಲ್ಲಿ ಕೊರೆದು, ಮರದ ತುಂಡಿಗೆ ಬಡಿದರೆ 'ಬ್ಲಾಕ್' ಸಿದ್ಧ. ಹಳೇ ಪೇಪರನ್ನ ಕಣ್ಣ ಹತ್ರ ಹಿಡಿದು ನೋಡಿ, ಚುಕ್ಕಿಗಳು ಈಗಲೂ ಕಾಣ್ತವೆ.

ಬ್ಲಾಕ್ ಮಾಡಿಸೋಕೆ ದುಡ್ಡು, ಸಮಯ ಎರಡೂ ಬೇಕಿತ್ತು. ಸಣ್ಣ ಪತ್ರಿಕೆಗಳ ಪ್ರೆಸ್‌ನಲ್ಲಿ ಮಂತ್ರಿಗಳ, ಸ್ವಾಮೀಜಿಗಳ ಬ್ಲಾಕ್ ಒಂದೊಂದು ಡಬ್ಬಿಯಲ್ಲಿ ಇಟ್ಟಿರ್ತಿದ್ರು. ಅದೇ ಮುಖ ವರ್ಷಗಟ್ಟಲೆ ಅಚ್ಚಾಗ್ತಿತ್ತು. ಊರಿನ ಸಾಮಾನ್ಯ ಮನುಷ್ಯನ ಮುಖಕ್ಕೆ ಬ್ಲಾಕ್ ಮಾಡಿಸೋರು ಯಾರು? ಯಾರ ಮುಖ ಇತಿಹಾಸಕ್ಕೆ ಹೋಗಬೇಕು ಅನ್ನೋದನ್ನ ಸತುವಿನ ಬೆಲೆಯೇ ತೀರ್ಮಾನಿಸ್ತಿತ್ತು.

1948ರಲ್ಲಿ ಬೆಂಗಳೂರಿನಲ್ಲಿ ಎರಡು ಪತ್ರಿಕೆ ಹುಟ್ಟಿದವು. ಜೂನ್‌ನಲ್ಲಿ ಡೆಕ್ಕನ್ ಹೆರಾಲ್ಡ್, ಅಕ್ಟೋಬರ್‌ನಲ್ಲಿ ಪ್ರಜಾವಾಣಿ. ಮುಂದೆ 1965ರಲ್ಲಿ ಸುಧಾ ವಾರಪತ್ರಿಕೆ ಬಂತು. ದಿನಪತ್ರಿಕೆಯ ಒರಟು ಕಾಗದದಲ್ಲಿ ಸಣ್ಣ ಮುಖಗಳು ಮಸಿಯಲ್ಲಿ ಮುಚ್ಚಿಹೋಗ್ತಿದ್ವು. ಅದಕ್ಕೇ ಆ ಕಾಲದ ಫೋಟೋಗ್ರಾಫರ್‌ಗಳು ಒಂದು ನಿಯಮ ಕಲಿತರು: ಹತ್ರ ಹೋಗು, ಹಿನ್ನೆಲೆ ಖಾಲಿ ಇಡು, ಒಂದು ಚಿತ್ರದಲ್ಲಿ ಒಂದೇ ವಿಷಯ ಹೇಳು. ಮೊಬೈಲ್ ಪರದೆಯ ಮೇಲೆ ಹೆಬ್ಬೆರಳಿನಷ್ಟು ಕಾಣೋ ಚಿತ್ರಕ್ಕೂ ಇದೇ ನಿಯಮ ಸಾಕು.

4/10
ಫೋಟೋದಲ್ಲಿ: ರೋಲಿಫ್ಲೆಕ್ಸ್ ಮಾದರಿಯ ಎರಡು ಕಣ್ಣಿನ ಕ್ಯಾಮೆರಾ. ಒಂದು ರೋಲ್‌ಗೆ 12 ಚಿತ್ರ.

ಈ ಕಸುಬಿನಲ್ಲಿ ಕನ್ನಡದವರು ಮೊದಲು ಹೇಳಬೇಕಾದ ಹೆಸರು ಟಿ.ಎಸ್. ಸತ್ಯನ್. ಹುಟ್ಟಿದ್ದು ಮೈಸೂರಿನಲ್ಲಿ, 1923ರ ಡಿಸೆಂಬರ್. ಬನುಮಯ್ಯ ಶಾಲೆ, ಮಹಾರಾಜ ಕಾಲೇಜು. ಫೋಟೋಗ್ರಫಿಯಿಂದ ಊಟ ಹುಟ್ಟುತ್ತೆ ಅಂತ ಮನೆಯೋರು ಯಾರೂ ನಂಬದ ಕಾಲ ಅದು. ಮೇಷ್ಟರ ಕೆಲಸ, ವಿಮಾನ ಕಾರ್ಖಾನೆ ಕೆಲಸ ಅಂತ ಬೇರೆ ಬೇರೆ ಕಡೆ ದುಡಿದು, 1948ರಲ್ಲಿ ಆಗ ತಾನೇ ಶುರುವಾದ ಡೆಕ್ಕನ್ ಹೆರಾಲ್ಡ್ ಸೇರಿದರು. ಅಲ್ಲಿಂದ ಇಲಸ್ಟ್ರೇಟೆಡ್ ವೀಕ್ಲಿ, ಆಮೇಲೆ ಯಾರ ಸಂಬಳವೂ ಇಲ್ಲದ ಸ್ವತಂತ್ರ ಛಾಯಾಗ್ರಾಹಕ. ಲೈಫ್ ಪತ್ರಿಕೆಗೆ ತೆಗೆದರು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನೆಯ ಕೆಲಸವನ್ನ ಹಳ್ಳಿ ಹಳ್ಳಿ ತಿರುಗಿ ದಾಖಲಿಸಿದರು. 1977ರಲ್ಲಿ ಪದ್ಮಶ್ರೀ. 1979 ಅಂತಾರಾಷ್ಟ್ರೀಯ ಮಕ್ಕಳ ವರ್ಷ, ಆಗ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. 2009ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಪ್ರಶಸ್ತಿ ಪಟ್ಟಿ ಬಿಡಿ. ಸತ್ಯನ್ ಅವರಿಂದ ಕಲಿಯೋದು ಬೇರೆ ಇದೆ. ಅವರ ಚಿತ್ರಗಳಲ್ಲಿ ನೆಹರೂ ಇದ್ದಾರೆ, ಹೌದು. ಆದ್ರೆ ನೆನಪಲ್ಲಿ ಉಳಿಯೋದು ಆಟ ಆಡೋ ಹುಡುಗ, ಸಂತೆಯ ಮುದುಕಿ, ಜಗಲಿ ಮೇಲೆ ಕೂತ ತಾತ. ದಿನನಿತ್ಯದ ಬದುಕೇ ಅವರಿಗೆ ಸುದ್ದಿ.

ಇನ್ನೊಂದು, ಅವರು ಬರೆಯೋಕೂ ಗಟ್ಟಿಗರು. ಕನ್ನಡದಲ್ಲಿ 'ಕಾಲಕ್ಕೆ ಕನ್ನಡಿ', ಇಂಗ್ಲಿಷ್‌ನಲ್ಲಿ ತಮ್ಮ ವೃತ್ತಿಯ ನೆನಪುಗಳು. ತೆಗೆದ ಚಿತ್ರದ ಹಿಂದೆ ಯಾರಿದ್ದರು, ಅವರ ಜೊತೆ ಏನು ಮಾತಾಡಿದೆ ಅಂತ ನೆನಪಿಟ್ಟು ಬರೆದರು. 'ನಾನು ಫೋಟೋ ತೆಗೀತೀನಿ, ಬರೆಯೋದು ರಿಪೋರ್ಟರ್ ಕೆಲಸ' ಅನ್ನೋ ನಮ್ಮ ಕ್ಲಾಸಿನ ಗುಂಪಿಗೆ ಇದು ಸಮರ್ಪಣೆ.

5/10
ಫೋಟೋದಲ್ಲಿ: ಸಕಲೇಶಪುರ ಬಸ್ ನಿಲ್ದಾಣ, ಮಳೆಗಾಲದ ಸಂಜೆ.

ಸತ್ಯನ್ ಥರದವರು ಕೆಲವರು. ನಮ್ಮ ಗುಡ್ಡಗಳ ಸುದ್ದಿಯನ್ನ ಹೊರಗೆ ಕಳಿಸಿದ್ದು ಮಾತ್ರ ತಾಲ್ಲೂಕಿನ ಬಿಡಿ ಸುದ್ದಿಗಾರರು ಮತ್ತು ಸ್ಟುಡಿಯೋದವರು. ಇವರ ಇತಿಹಾಸ ಯಾವ ಪುಸ್ತಕದಲ್ಲೂ ಇಲ್ಲ, ಆದ್ರೆ ಕೆಲಸದ ರೀತಿ ಈ ಕಸುಬಿನಲ್ಲಿ ಹಳಬರಾದ ಎಲ್ಲರಿಗೂ ಗೊತ್ತು.

ಮದುವೆ, ಪಾಸ್‌ಪೋರ್ಟ್ ಸೈಜ್ ಫೋಟೋ, ಶಾಲೆಯ ಗ್ರೂಪ್ ಫೋಟೋ: ಸಂಸಾರ ನಡೀತಿದ್ದಿದ್ದು ಇದರಿಂದ. ಘಾಟಿಯಲ್ಲಿ ಲಾರಿ ಉರುಳಿತು ಅಂದ್ರೆ ಮದುವೆಯ ರೋಲ್‌ನಲ್ಲಿ ಉಳಿದ ನಾಲ್ಕೈದು ಫ್ರೇಮ್ ಹಿಡಿದು ಓಡೋದು. ವಾಪಸ್ ಬಂದು ಡಾರ್ಕ್‌ರೂಮ್: ಡೆವಲಪರ್, ನೀರು, ಹೈಪೋ, ಮತ್ತೆ ನೀರು. ಮಲೆನಾಡಿನ ಮಳೇಲಿ ಕರೆಂಟ್ ಹೋದರೆ ಎನ್‌ಲಾರ್ಜರ್ ಸತ್ತ ಹಾಗೆ. ಪ್ರಿಂಟ್ ಒಣಗೋದೇ ಇಲ್ಲ.

ಪ್ರಿಂಟ್ ಆಯ್ತು ಅಂದ್ಕೊಳ್ಳಿ. ಬೆಂಗಳೂರು ಸುಮಾರು 220 ಕಿಲೋಮೀಟರ್. ಕವರಿನ ಮೇಲೆ 'ಪ್ರೆಸ್ ಮ್ಯಾಟರ್, ಅರ್ಜೆಂಟ್' ಅಂತ ಬರೆದು, ಸಂಜೆ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು, 'ಸ್ವಲ್ಪ ತಲುಪಿಸಿಬಿಡಿ ಅಣ್ಣಾ' ಅನ್ನೋದು. ಆ ಕಡೆ ಪತ್ರಿಕೆಯ ಹುಡುಗ ಬಸ್ ಕಾಯ್ತಿರ್ತಾನೆ. ಘಾಟಿ ಬಂದ್ ಆದ್ರೆ, ಬಸ್ ಕೆಟ್ಟರೆ, ಸುದ್ದಿ ಮರುದಿನಕ್ಕೆ ಹಳಸಿಹೋಗುತ್ತೆ.

ಪ್ರತಿ ಪ್ರಿಂಟ್‌ನ ಬೆನ್ನಿಗೆ ಒಂದು ಚೀಟಿ ಅಂಟಿಸಿರ್ತಿದ್ರು: ಊರು, ದಿನ, ಎಡದಿಂದ ಬಲಕ್ಕೆ ನಿಂತವರ ಹೆಸರು, ಕಳಿಸಿದವರ ಹೆಸರು. ಆ ಚೀಟಿ ಕಿತ್ತುಹೋದರೆ ಅಷ್ಟು ದೂರ ಬಂದ ಫೋಟೋ ಡೆಸ್ಕಿನಲ್ಲಿ ಕಸದ ಬುಟ್ಟಿಗೆ. ಹಾಕೋದಾದ್ರೂ ಹೇಗೆ? ಇವರು ಯಾರು ಅಂತಲೇ ಗೊತ್ತಿಲ್ಲವಲ್ಲ. ಗೋಂದು ಸರಿಯಾಗಿ ಹಚ್ಚೋದು ಕೂಡ ಆಗ ವೃತ್ತಿಯ ಕೌಶಲವೇ.

ಹಾಗೇ ಒಂದು ಕಿವಿಮಾತು: ನಮ್ಮ ಕಡೆಯ ತೇವಕ್ಕೆ ಲೆನ್ಸ್ ಒಳಗೆ ಬೂಷ್ಟು ಹಿಡಿಯುತ್ತೆ. ಚರ್ಮದ ಚೀಲದಲ್ಲಿ ಮುಚ್ಚಿಡಬೇಡಿ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್. ಜೂನ್‌ಗೆ ಮುಂಚೆ ವ್ಯವಸ್ಥೆ ಮಾಡ್ಕೊಳ್ಳಿ.

6/10
ಫೋಟೋದಲ್ಲಿ: ತೋಟದಂಚಿನ ಕೆರೆ, ಮುಡಿಗೆರೆ ರಸ್ತೆ.

ಸಕಲೇಶಪುರದ ಪಕ್ಕದ ತಾಲ್ಲೂಕು ಮೂಡಿಗೆರೆ. ಅಲ್ಲಿದ್ದವರು ಪೂರ್ಣಚಂದ್ರ ತೇಜಸ್ವಿ. ಪತ್ರಿಕಾ ಛಾಯಾಗ್ರಾಹಕರಲ್ಲ, ನಿಜ. ಆದ್ರೆ ಈ ಸರಣಿಯಿಂದ ಅವರನ್ನ ಹೊರಗಿಟ್ಟರೆ ನಮ್ಮ ಗುಡ್ಡಗಳೇ ಒಪ್ಪೋದಿಲ್ಲ.

ಕಾಫಿ ತೋಟ, ಬರವಣಿಗೆ, ಮೀನು ಹಿಡಿಯೋದರ ಜೊತೆಗೆ ಅವರು ಹಕ್ಕಿಗಳ ಫೋಟೋ ತೆಗೆದರು. ಫಿಲ್ಮ್ ಕಾಲ ಅದು. ಒತ್ತಿದ ಒಂದೊಂದು ಸಲಕ್ಕೂ ದುಡ್ಡು, ಬಂತೋ ಇಲ್ಲವೋ ಅನ್ನೋದು ತೊಳೆದ ಮೇಲೇ ಗೊತ್ತಾಗೋದು. ಈಗಿನ ಹಾಗೆ ಸೆಕೆಂಡಿಗೆ ಹತ್ತು ಚಿತ್ರ ಹೊಡೆದು ಒಂಬತ್ತು ಅಳಿಸೋ ಆಟ ಇರಲಿಲ್ಲ. ಅದಕ್ಕೇ ಮೊದಲು ಕಲೀಬೇಕಾಗಿದ್ದು ಹಕ್ಕಿಯನ್ನ: ಎಲ್ಲಿ ಕೂರುತ್ತೆ, ಎಷ್ಟೊತ್ತಿಗೆ ಬರುತ್ತೆ, ಬೆಳಕು ಯಾವ ಕಡೆಯಿಂದ ಬೀಳುತ್ತೆ. ಕ್ಯಾಮೆರಾ ಎತ್ತೋದು ಕೊನೆಗೆ.

ಅವರ 'ಹಕ್ಕಿ ಪುಕ್ಕ' ಪುಸ್ತಕ ನಿಮ್ಮಲ್ಲಿ ಎಷ್ಟೋ ಜನ ಓದಿರ್ತೀರಿ. ಅಲ್ಲಿ ಚಿತ್ರ ಒಂಟಿಯಾಗಿಲ್ಲ. ಹಕ್ಕಿಯ ಕನ್ನಡ ಹೆಸರು, ಗಾತ್ರ, ಎಲ್ಲಿ ಸಿಗುತ್ತೆ, ಹೇಗೆ ಬದುಕುತ್ತೆ, ಎಲ್ಲವೂ ಜೊತೆಗಿವೆ. ಓದಿದ ಹುಡುಗ ಮಾರನೇ ದಿನ ಬೇಲಿ ಮೇಲಿನ ಹಕ್ಕಿಗೆ ಹೆಸರು ಹೇಳ್ತಾನೆ. ಒಂದು ಹಕ್ಕಿಯ ವಿಷಯದಲ್ಲಿ ಇಷ್ಟು ಶ್ರದ್ಧೆ ತೋರಿಸೋಕೆ ಆಗುತ್ತೆ ಅಂದ್ಮೇಲೆ, ಮನುಷ್ಯರ ವಿಷಯದಲ್ಲಿ ಯಾಕಾಗಲ್ಲ?

ಇದೇ ಜಿಲ್ಲೆಯ ಗೊರೂರು ರಾಮಸ್ವಾಮಿ ಅಯ್ಯಂಗಾರ್ ಕ್ಯಾಮೆರಾ ಇಲ್ಲದೆ ಬರೀ ಮಾತಲ್ಲಿ ಹೇಮಾವತಿ ದಡದ ಬದುಕು ಬರೆದು, ಪುಸ್ತಕಕ್ಕೆ 'ಹಳ್ಳಿಯ ಚಿತ್ರಗಳು' ಅಂತ ಹೆಸರಿಟ್ಟರು. ಅಣೆಕಟ್ಟು ಬಂದಿದ್ದು ಅವರ ಊರಿಗೇ. ಆ ದಡ ಮೊದಲು ಹೇಗಿತ್ತು ಅಂತ ಇವತ್ತು ತಿಳೀಬೇಕಂದ್ರೆ ಆ ಮಾತುಗಳ ಹತ್ರ ಹೋಗಬೇಕು. ಚಿತ್ರ, ಮಾತು ಎರಡೂ ಸೇರಿದರೆ ಮಾತ್ರ ದಾಖಲೆ ಪೂರ್ತಿ.

7/10
ಫೋಟೋದಲ್ಲಿ: ಕಾಫಿ ಗಿಡಗಳ ನಡುವೆ ಆನೆ ಹೆಜ್ಜೆ, ಆಲೂರು ತಾಲ್ಲೂಕು. ಆನೆ ಇಲ್ಲ, ಬೇಕಂತಲೇ.

ಈಗ ನಮ್ಮ ಕಾಲದ ಸುದ್ದಿಗೆ ಬರೋಣ. ಸಕಲೇಶಪುರ, ಆಲೂರು ಅಂದ್ರೆ ಹೊರಗಿನ ಪತ್ರಿಕೆಗಳಿಗೆ ಒಂದೇ ಸುದ್ದಿ: ಕಾಡಾನೆ. ಹೈಕೋರ್ಟ್ ಸೂಚನೆಯಂತೆ ಪ್ರೊ. ರಾಮನ್ ಸುಕುಮಾರ್ ನೇತೃತ್ವದಲ್ಲಿ ರಚನೆಯಾದ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. ಆನೆಗಳನ್ನ ಸಂರಕ್ಷಿಸೋ ಜಾಗ, ಜನ–ಆನೆ ಒಟ್ಟಿಗಿರೋ ಜಾಗ, ಆನೆ ತೆಗೆಯಬೇಕಾದ ಜಾಗ ಅಂತ ಮೂರು ವಲಯ ಮಾಡಿತು. ಆಲೂರು ಕಡೆಯ ಆನೆಗಳನ್ನ ಹಿಡೀಬೇಕು ಅಂದಿತು. ಇಪ್ಪತ್ತಕ್ಕೂ ಹೆಚ್ಚು ಆನೆ ಹಿಡಿದು ಸಾಗಿಸಿದರು. ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದವು. ಕತೆ ಮುಗಿಯಲಿಲ್ಲ.

ಈಗ ಕೆಲವು ಆನೆಗಳಿಗೆ ರೇಡಿಯೋ ಕಾಲರ್ ಇದೆ, ಹೆಸರಿದೆ: ಭೀಮ, ಬೀಟಮ್ಮನ ಗುಂಪು, ಭುವನೇಶ್ವರಿಯ ಗುಂಪು. ಎಲ್ಲಿ ಓಡಾಡ್ತಿವೆ ಅಂತ ಮೊಬೈಲ್ ಸಂದೇಶ, ರಸ್ತೆ ಬದಿಯ ಬೋರ್ಡು ತಿಳಿಸ್ತವೆ. ಆನೆಗಳನ್ನ ಒಂದೊಂದಾಗಿ ಗುರುತಿಸೋದ್ರಲ್ಲಿ ಫೋಟೋ ದೊಡ್ಡ ಕೆಲಸ ಮಾಡುತ್ತೆ: ಕಿವಿಯಂಚಿನ ಹರಕು, ದಂತದ ಬಾಗು, ಬಾಲದ ಕೂದಲು. ಎರಡೂ ಕಿವಿ ಕಾಣೋ ಹಾಗೆ, ದಿನ–ಜಾಗ ಬರೆದಿಟ್ಟ ಸಾದಾ ಚಿತ್ರ, ಸೂರ್ಯಾಸ್ತದಲ್ಲಿ ತೆಗೆದ ಕಪ್ಪು ನೆರಳಿಗಿಂತ ನೂರು ಪಾಲು ಉಪಯೋಗ.

ಆದ್ರೆ ನಾವು ಮಾಡ್ತಿರೋದೇನು? ಆನೆ ಬಂತು ಅಂದ ಕೂಡಲೇ ಬೈಕ್ ಹತ್ತಿ ಹೋಗೋದು, ಮರಿ ಇರೋ ಗುಂಪಿನ ದಾರಿಗೆ ಅಡ್ಡ ನಿಂತು ರೀಲ್ ಮಾಡೋದು. 2023ರ ಆಗಸ್ಟ್ 31ರಂದು ಆಲೂರು ತಾಲ್ಲೂಕಿನಲ್ಲಿ, ಗಾಯಗೊಂಡಿದ್ದ ಭೀಮನ ಚಿಕಿತ್ಸೆಗಾಗಿ ಅರಿವಳಿಕೆ ಹಾರಿಸೋಕೆ ಹೋದ 'ಆನೆ ವೆಂಕಟೇಶ್' ಅವರನ್ನ ಅದೇ ಆನೆ ಕೊಂದಿತು. ಜೀವನವಿಡೀ ಆನೆಗಳ ಜೊತೆ ಕೆಲಸ ಮಾಡಿದ ಮನುಷ್ಯ. ಅವರಿಗೇ ತಪ್ಪಿಸಿಕೊಳ್ಳೋಕೆ ಆಗಲಿಲ್ಲ. ನಿಮ್ಮ ಫೋನಿನ ಜೂಮ್ ನಿಮ್ಮನ್ನ ಕಾಪಾಡುತ್ತಾ? ಉದ್ದ ಲೆನ್ಸ್ ಇಲ್ಲ ಅಂದ್ರೆ ಆ ಫೋಟೋ ನಿಮ್ಮದಲ್ಲ, ಬಿಟ್ಟುಬಿಡಿ. ಹೆಜ್ಜೆ ತೆಗೀರಿ, ಮುರಿದ ಬೈನೆ ಮರ ತೆಗೀರಿ, ತುಳಿದ ಭತ್ತದ ಗದ್ದೆ ಮುಂದೆ ನಿಂತ ರೈತನ ಮುಖ ತೆಗೀರಿ. ಸುದ್ದಿ ಅಲ್ಲೇ ಇದೆ.

8/10
ಫೋಟೋದಲ್ಲಿ: ಯಸಳೂರು ಕಡೆಯ ಕಾಡಿನ ದಾರಿ, ಸಕಲೇಶಪುರ ತಾಲ್ಲೂಕು.

2023ರ ಡಿಸೆಂಬರ್ 4. ಯಸಳೂರು ವಲಯದ ದಬ್ಬಳ್ಳಿಕಟ್ಟೆ ಹತ್ರ ಕಾಡಾನೆಗೆ ಕಾಲರ್ ಹಾಕೋ ಕಾರ್ಯಾಚರಣೆ. ಅಲ್ಲಿ ಕಾಡಾನೆ ಜೊತೆ ಕಾದಾಡಿ ಅರ್ಜುನ ಸತ್ತ. 2012ರಿಂದ 2019ರವರೆಗೆ 8 ಸಲ ಮೈಸೂರು ದಸರಾದಲ್ಲಿ ಚಿನ್ನದ ಅಂಬಾರಿ ಹೊತ್ತ ಆನೆ. ಅವತ್ತು ಸಂಜೆ ರಾಜ್ಯದ ಎಲ್ಲ ಫೋನುಗಳಿಗೂ ಆ ಕಾಡಿನ ವಿಡಿಯೋಗಳು ಬಂದವು. ಬಿದ್ದ ಆನೆ, ಅದರ ಮೇಲೆ ಒರಗಿ ಅಳ್ತಿರೋ ಮಾವುತ. ಕಲ್ಲಿನಂಥವರೂ ಅತ್ತರು.

ಜೊತೆಗೇ ನೂರು ಕತೆ ಹುಟ್ಟಿದವು. ಹೇಗಾಯ್ತು, ಯಾರ ತಪ್ಪು, ಗುಂಡು ಬಿತ್ತಾ ಇಲ್ವಾ. ತುಣುಕು ವಿಡಿಯೋಗಳಿಗೆ ಯಾರು ತೆಗೆದಿದ್ದು, ಎಷ್ಟೊತ್ತಿಗೆ, ಮುಂಚೆ ಏನಾಗಿತ್ತು ಅನ್ನೋ ಸಾಲೇ ಇರಲಿಲ್ಲ. ಸಾಲು ಇಲ್ಲದ ಕಡೆ ಊಹೆ ಬಂದು ಕೂರುತ್ತೆ. ಕಣ್ಣೀರು ಬರಿಸೋಕೆ ಚಿತ್ರ ಸಾಕು, ಸತ್ಯ ತಿಳಿಸೋಕೆ ಸಾಲದು.

ಇನ್ನೊಂದು ಕಹಿ ಮಾತು. ನಮ್ಮ ಸುದ್ದಿಗಳಲ್ಲಿ ಆನೆಗೆ ಹೆಸರಿರುತ್ತೆ. ಸತ್ತವರಿಗೆ ಎಷ್ಟೋ ಸಲ ತಲೆಬರಹದಲ್ಲಿ ಹೆಸರಿರಲ್ಲ: 'ಕಾಡಾನೆ ದಾಳಿ, ಕೂಲಿ ಕಾರ್ಮಿಕ ಬಲಿ'. ಲೈನ್ ಮನೆಯಲ್ಲಿದ್ದ, ಎಷ್ಟೋ ದೂರದ ಅಸ್ಸಾಮಿನಿಂದ ಕೆಲಸಕ್ಕೆ ಬಂದ ಮನುಷ್ಯ ಆದ್ರೆ ಕೇಳೋದೇ ಬೇಡ.

1984ರ ಡಿಸೆಂಬರ್‌ನಲ್ಲಿ ಭೋಪಾಲದ ವಿಷಾನಿಲ ದುರಂತ ಆದಾಗ, ಮಣ್ಣು ಮಾಡ್ತಿದ್ದ ಒಂದು ಮಗುವಿನ ಚಿತ್ರವನ್ನ ರಘು ರೈ ಕಪ್ಪು–ಬಿಳುಪಿನಲ್ಲಿ, ಪಾಬ್ಲೊ ಬಾರ್ಥಲೊಮ್ಯೂ ಬಣ್ಣದಲ್ಲಿ ತೆಗೆದರು. ಬಾರ್ಥಲೊಮ್ಯೂ ಅವರ ಚಿತ್ರಕ್ಕೆ ವರ್ಲ್ಡ್ ಪ್ರೆಸ್ ಫೋಟೋ ವರ್ಷದ ಪ್ರಶಸ್ತಿ ಬಂತು. ಜಗತ್ತೇ ನೋಡಿದ ಮುಖ. ಆ ಮಗುವಿನ ಹೆಸರು ಮಾತ್ರ ಇವತ್ತಿಗೂ ಸಿಕ್ಕಿಲ್ಲ. ಅಂಥ ದೊಡ್ಡ ದುರಂತದ ಗೊಂದಲದಲ್ಲಿ ಹೆಸರು ದಾಖಲಾಗದೇ ಹೋಗಿರಬಹುದು. ನಮ್ಮ ಊರಿನ ಸಾವಿಗೆ ಆ ನೆಪ ಇಲ್ಲ. ಪಕ್ಕದ ಲೈನ್ ಮನೆಗೆ ಹೋಗಿ ಕೇಳಿದರೆ ಹೇಳ್ತಾರೆ. ಕೇಳಬೇಕು. ಮನೆಯವರು ಹೆಣದ ಫೋಟೋ ಬೇಡ ಅಂದ್ರೆ ಕ್ಯಾಮೆರಾ ಇಳಿಸಬೇಕು. ಸತ್ತವರು ಬದುಕಿದ್ದಾಗಿನ ಒಂದು ಚಿತ್ರ ಕೇಳಿ ಪಡೀಬೇಕು.

9/10
ಫೋಟೋದಲ್ಲಿ: ಶಿರಾಡಿ ಘಾಟಿ ರಸ್ತೆ, ಕಿಲೋಮೀಟರ್ ಕಲ್ಲು.

ಪ್ರತಿ ಮಳೆಗಾಲ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದು ವಿಡಿಯೋ ಬಂದೇ ಬರುತ್ತೆ: ಗುಡ್ಡ ಜಾರ್ತಿದೆ, ಕೆಳಗೆ 'ಈಗ ತಾನೇ ಶಿರಾಡಿ ಘಾಟ್'. ಮಂಗಳೂರಿನ ಆಸ್ಪತ್ರೆಗೆ ಹೊರಟವರು ವಾಪಸ್ ಬರ್ತಾರೆ, ಮನೆಯೋರು ಊಟ ಬಿಟ್ಟು ಫೋನ್ ಹಿಡ್ಕೊಂಡು ಕೂರ್ತಾರೆ. ನೋಡಿದ್ರೆ ವಿಡಿಯೋ ಆರು ವರ್ಷ ಹಳೇದು.

ಘಾಟಿ ಕುಸಿದಿದ್ದು ಸುಳ್ಳಲ್ಲ. 2018ರ ಆಗಸ್ಟ್‌ನಲ್ಲಿ ಕುಸಿದು ರಸ್ತೆ ಬಹಳ ದಿನ ಬಂದ್ ಆಗಿತ್ತು. 2024ರ ಜುಲೈನಲ್ಲಿ ಸಕಲೇಶಪುರದ ದೊಡ್ಡತಪ್ಪಲೆ ಹತ್ರ ಹೆದ್ದಾರಿ ಮೇಲೆ ಮಣ್ಣು ಬಿತ್ತು. ಅದೇ ತಿಂಗಳ ಕೊನೆಗೆ ಎಡಕುಮೇರಿ–ಕಡಗರವಳ್ಳಿ ನಡುವೆ ರೈಲು ಹಳಿ ಕೆಳಗಿನ ಮಣ್ಣೇ ಜಾರಿ ರೈಲುಗಳು ನಿಂತವು. ಮೂರೂ ನಿಜ. ಒಂದರ ಚಿತ್ರ ಇನ್ನೊಂದರ ದಿನಾಂಕಕ್ಕೆ ಹಾಕಿದರೆ ಮಾತ್ರ ಸುಳ್ಳು.

ಪತ್ತೆ ಹಚ್ಚೋದು ಹೇಗೆ? ವೃತ್ತಿಯವರು ನೋಡೋದು ಇವನ್ನ. ಕಿಲೋಮೀಟರ್ ಕಲ್ಲಲ್ಲಿ ಹೆದ್ದಾರಿ ನಂಬರ್ ಏನಿದೆ? ಈ ರಸ್ತೆ ಮೊದಲು 48 ಆಗಿತ್ತು, ಈಗ 75. ರಸ್ತೆ ಕಾಂಕ್ರೀಟಾ, ಡಾಂಬರಾ? ವಾಹನಗಳ ನಂಬರ್ ಪ್ಲೇಟ್ ಯಾವ ಕಾಲದ್ದು? ಜನ ಮಾತಾಡ್ತಿರೋ ಭಾಷೆ ನಮ್ಮ ಕಡೇದಾ, ಇಲ್ಲ ಬೇರೆ ರಾಜ್ಯದ್ದಾ? ಅದೇ ಚಿತ್ರ ಹಾಕಿ ಗೂಗಲ್‌ನಲ್ಲಿ ಹುಡುಕಿದರೆ ಮುಂಚೆ ಎಲ್ಲಾದರೂ ಬಂದಿದೆಯಾ? ಕೊನೆಗೆ, ಆ ಊರಲ್ಲಿರೋ ಒಬ್ಬರಿಗೆ ಫೋನ್ ಮಾಡಿ. ಹತ್ತು ನಿಮಿಷದ ಕೆಲಸ.

ರೈಲು ಅಂದಾಗ ನೆನಪಾಯ್ತು. ಸಕಲೇಶಪುರ–ಸುಬ್ರಹ್ಮಣ್ಯ ಹಳಿ ಮೇಲೆ ನಡೆದು ಸುರಂಗದಲ್ಲಿ ಫೋಟೋ ತೆಗೆಯೋದು ಕಾನೂನಿಗೆ ವಿರುದ್ಧ. 'ಎಲ್ರೂ ಹೋಗ್ತಾರೆ' ಅನ್ನೋದು ಅನುಮತಿ ಅಲ್ಲ. ಮಂಜರಾಬಾದ್ ಕೋಟೆಯೂ ಹಾಗೇ. 1792ರಲ್ಲಿ ಟಿಪ್ಪು ಕಾಲದಲ್ಲಿ ಮುಗಿದ ಎಂಟು ಮೂಲೆಯ ಆ ನಕ್ಷತ್ರ ನೆಲದಲ್ಲಿ ನಿಂತವರಿಗೆ ಕಾಣೋದೇ ಇಲ್ಲ, ಮೇಲಿಂದಲೇ ನೋಡಬೇಕು. ಅಂತ ಕೇಳದೆ ಡ್ರೋನ್ ಹಾರಿಸಬೇಡಿ, ಅದಕ್ಕೆ 2021ರ ಡ್ರೋನ್ ನಿಯಮಗಳಿವೆ, ಅನುಮತಿ ತಗೊಳ್ಳಿ.

10/10
ಫೋಟೋದಲ್ಲಿ: ಹಳೆಯ ಕಪ್ಪು–ಬಿಳುಪು ಫೋಟೋ ಒಂದರ ಹಿಂಭಾಗ. ಖಾಲಿ.

ಕೊನೆಗೆ ಎಲ್ಲರ ಪ್ರಶ್ನೆ: ಇದರಲ್ಲಿ ಕೆಲಸ ಇದೆಯಾ?

ನೇರವಾಗಿ ಹೇಳ್ತೀನಿ. ಸಂಬಳದ ಪತ್ರಿಕಾ ಛಾಯಾಗ್ರಾಹಕರ ಕುರ್ಚಿಗಳು ಕಡಿಮೆ ಆಗ್ತಿವೆ. ರಿಪೋರ್ಟರ್ ಫೋನಲ್ಲೇ ತೆಗೀತಾರೆ. ಹಾಗಂತ ಬಾಗಿಲು ಮುಚ್ಚಿಲ್ಲ. ಜಿಲ್ಲಾ ಪತ್ರಿಕೆ, ಸುದ್ದಿ ಸಂಸ್ಥೆಗಳಿಗೆ ಬಿಡಿ ಕೆಲಸ, ಸಂಶೋಧನೆ–ಪರಿಸರ ಸಂಘಟನೆಗಳ ದಾಖಲೀಕರಣ, ಸಾಕ್ಷ್ಯಚಿತ್ರ ಇವೆ. ಹಳೇ ಸ್ಟುಡಿಯೋದವರ ಹಾಗೆ ಮದುವೆ ಕೆಲಸ ಮನೆ ನಡೆಸಬಹುದು, ಸುದ್ದಿ ಕೆಲಸ ಹೆಸರು ಉಳಿಸಬಹುದು. ಅದರಲ್ಲಿ ನಾಚಿಕೆ ಪಡೋಂಥದ್ದು ಏನೂ ಇಲ್ಲ.

ಹಕ್ಕು ತಿಳ್ಕೊಳ್ಳಿ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ, ಯಾರಾದರೂ ದುಡ್ಡು ಕೊಟ್ಟು ತೆಗೆಸಿದ ಫೋಟೋದ ಹಕ್ಕು ಬೇರೆ ಒಪ್ಪಂದ ಇಲ್ಲದಿದ್ದರೆ ತೆಗೆಸಿದವರಿಗೆ ಹೋಗುತ್ತೆ. ನೀವಾಗೇ ಹೋಗಿ ತೆಗೆದಿದ್ದು ನಿಮ್ಮದು. ಕೆಲಸ ಒಪ್ಪೋ ಮುಂಚೆ ಎರಡು ಸಾಲು ಬರಹದಲ್ಲಿ ಇರಲಿ.

ಹೆಸರು ಹಾಕಿಸಿಕೊಳ್ಳಿ. ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಹೋಮೈ ವ್ಯಾರಾವಾಲಾ ಅವರ ಆರಂಭದ ಚಿತ್ರಗಳು ಅಚ್ಚಾಗಿದ್ದು ಗಂಡನ ಹೆಸರಲ್ಲಿ. ಪದ್ಮವಿಭೂಷಣ ಬಂದಿದ್ದು 2011ರಲ್ಲಿ, ಅವರಿಗೆ ಆಗ 97. ಹುಡುಗೀರೇ, ಇಷ್ಟು ವರ್ಷ ಕಾಯಬೇಡಿ.

ಕ್ಯಾಮೆರಾ ಯಾವುದು ಅಂತ ಕೇಳೋರಿಗೆ: ಇರೋದು ಸಾಕು. ಚಿತ್ರದ ಫೈಲ್ ಒಳಗೇ ಊರು, ದಿನ, ಹೆಸರು ತುಂಬಿಡಿ. ಆ್ಯಪ್‌ಗೆ ಹಾಕಿದಾಗ ಎಷ್ಟೋ ಸಲ ಆ ಮಾಹಿತಿ ಉದುರಿಹೋಗುತ್ತೆ, ಅದಕ್ಕೇ ಮೂಲ ಫೈಲನ್ನ ಎರಡು ಕಡೆ ಇಟ್ಟುಕೊಳ್ಳಿ. ಬೆನ್ನಿಗೆ ಅಂಟಿಸ್ತಿದ್ದ ಚೀಟಿಯ ಇವತ್ತಿನ ರೂಪ ಅದು.

ಈ ವಾರ ಒಂದು ಕೆಲಸ ಮಾಡಿ. ಮನೆಯ ಹಳೇ ಟ್ರಂಕಿನಿಂದ ಫೋಟೋಗಳನ್ನ ತೆಗೀರಿ, ತಿರುಗಿಸಿ ನೋಡಿ. ಹೆಚ್ಚಿನವು ಖಾಲಿ ಇರ್ತವೆ. ಅಜ್ಜ–ಅಜ್ಜಿ, ದೊಡ್ಡಪ್ಪ, ಪಕ್ಕದ ಮನೆಯ ಹಿರಿಯರನ್ನ ಕೂರಿಸಿಕೊಂಡು ಕೇಳಿ: ಇದು ಯಾರು? ಎಲ್ಲಿ? ಯಾವ ವರ್ಷದ ಕೊಯ್ಲು? ಮುಳುಗೋಕೆ ಮುಂಚಿನ ಊರಾ? ಪೆನ್ನು ಬೇಡ, ಮಸಿ ಇಳಿಯುತ್ತೆ. ಮೆತ್ತನೆ ಪೆನ್ಸಿಲ್‌ನಲ್ಲಿ, ಒತ್ತದೆ, ಹಿಂಬದಿಯಲ್ಲಿ ಬರೀರಿ. ಹೇಳೋಕೆ ಗೊತ್ತಿರೋರು ಇನ್ನೂ ನಮ್ಮ ಜೊತೆ ಇರುವಾಗಲೇ ಬರೀರಿ.

#ಸಕಲೇಶಪುರ #ಆಲೂರು #ಹಾಸನ #ಸುದ್ದಿಚಿತ್ರ #ಫೋಟೋಇತಿಹಾಸ